ಮೂರನೇ ಸಾಲಿನ ಒನ್ಸ್ ಮೋರ್

ಒನ್ಸ್ ಮೋರ್ ಕೂಗಲು ಅವಕಾಶವಿಲ್ಲದ ನಾಟಕ ಅರ್ಧ ನಾಟಕ. ಇದು ನನ್ನ ಬಹುಕಾಲದ ಅಭಿಪ್ರಾಯ. ಮುಂಬೈಯಲ್ಲಿ ದುಬಾರಿ ಟಿಕೆಟ್ಟಿನ ಇಂಗ್ಲಿಷ್ ಸಂಗೀತ ನಾಟಕ ನೋಡಿ ಬಂದ ಮೇಲೆ ಅದು ಬದಲಾಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವ ನನಗೆ ಅಭಿಪ್ರಾಯಗಳಿಗೇನೂ ಬರವಿಲ್ಲ. ಆದರೆ ನಮ್ಮ ಮನೆಯಲ್ಲಿ ಒನ್ಸ್ ಮೋರ್ ಕೂಗುವ ಹಕ್ಕು ನನ್ನದಲ್ಲ, ನನ್ನ ಗಂಡನದು. ಅವರ ಕಿವಿ ಮಂದವಾಗಿ, ಇನ್ನು ಮುಂದೆ ನಾಟಕಕ್ಕೆ ಬರುವುದೇ ಇಲ್ಲ ಎಂದು ಹಟ ಹಿಡಿದು ಕೂತಾಗ ನಾನು ಏನು ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ನಮ್ಮಿಬ್ಬರ ಮದುವೆ ಕುದುರಿದ್ದೇ ನಾಟಕದ ಮಾತಿನಿಂದ. ನನ್ನ ತವರು ಕಂಪ್ಲಿ. ಅವರು ಹೊಸಪೇಟೆಯ ಬೈಪಾಸಿನ ಹತ್ತಿರ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಇಟ್ಟುಕೊಂಡಿದ್ದರು. ನನ್ನನ್ನು ನೋಡಲು ಬಂದ ದಿನ ಅವರ ಸೋದರತ್ತೆ ಅಡುಗೆ ಹೊಲಿಗೆಯ ವಿಚಾರ ತೆಗೆಯುವ ಮೊದಲೇ ಇವರು, "ನಾಟಕ ನೋಡ್ತೀರೇನ್ರಿ?" ಅಂದರು. "ಛಲೋ ಇದ್ರ ನೋಡ್ತೀನ್ರಿ, ಇಲ್ಲಂದ್ರ ಎದ್ದು ಬರ್ತೀನಿ" ಅಂದೆ. ಒಳಗಿನಿಂದ ನನ್ನ ಅವ್ವ ಎರಡು ಸಲ ಕೆಮ್ಮಿದಳು. ಇವರು ಮಾತ್ರ ನಕ್ಕು ತಟ್ಟೆಯಲ್ಲಿದ್ದ ಮಿರ್ಚಿಯನ್ನೆಲ್ಲ ಖಾಲಿ ಮಾಡಿದರು. ಒಪ್ಪಿಗೆ ಎಂದು ನಾನು ಆಗಲೇ ತಿಳಿದುಕೊಂಡೆ.

ಆಮೇಲೆ ನಾವು ಬಿಟ್ಟ ನಾಟಕವಿಲ್ಲ. ನಾಟಕ ಕಂಪನಿಯವರು ಹೊಸಪೇಟೆಗೋ ಕಂಪ್ಲಿಗೋ ಬಂದು ತಗಡಿನ ಥಿಯೇಟರ್ ಕಟ್ಟಿ ಕ್ಯಾಂಪು ಹಾಕಿದರೆ ಮೊದಲ ವಾರದಲ್ಲೇ ನಾವು ಹಾಜರು. ಸಂಡೂರಿನ ಕಡೆ ಚೋರನೂರಿನಲ್ಲಿ ಊರಿನ ಗಂಡಸರೇ ಬಣ್ಣ ಹಚ್ಚಿಕೊಂಡು ಆಡುವ ನಾಟಕವಿದ್ದರೆ ಅಲ್ಲಿಗೂ ಸ್ಕೂಟರಿನ ಮೇಲೆ ಹೋಗುತ್ತಿದ್ದೆವು. ಹೊಲದಲ್ಲಿ ಕಳೆ ತೆಗೆದ ಕೈಗಳು ಗದೆ ಹಿಡಿದು ನಡುಗುವುದನ್ನು ನೋಡಲು ನನಗೆ ಇವತ್ತಿಗೂ ಇಷ್ಟ. ಹಂಪಿಯಲ್ಲಿ ಉತ್ಸವಕ್ಕೆ ಹಾಕುವ ದೊಡ್ಡ ವೇದಿಕೆಗಳು ಮಾತ್ರ ನನಗೆ ಒಗ್ಗಲಿಲ್ಲ. ಹಾಡುವವರು ಅಷ್ಟು ದೂರದಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಾರೆ, ನಾವು ಪಕ್ಕದ ದೊಡ್ಡ ಪರದೆಯಲ್ಲಿ ಅವರ ಮುಖ ನೋಡಿಕೊಂಡು ಬರಬೇಕು. ಅದಕ್ಕೆ ಮನೆಯ ಟಿವಿ ಸಾಕು.

ಕಂಪನಿ ನಾಟಕದಲ್ಲಿ ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಪೈಕಿಯವಳಲ್ಲ ನಾನು. ಈಚೆಗೆ ಹಾಸ್ಯದ ಹೆಸರಲ್ಲಿ ಬರುವ ಮಾತುಗಳನ್ನು ಕೇಳಿದರೆ ಮಕ್ಕಳ ಕಿವಿ ಮುಚ್ಚಬೇಕೆನಿಸುತ್ತದೆ. ಕಥೆ ಇರುವುದು ಹಾಸ್ಯನಟನಿಗೆ ದಣಿವಾದಾಗ ಮಾತ್ರ. ಕೇಳಿದರೆ ಮಾಲೀಕರು, ಜನಕ್ಕೆ ಅದೇ ಬೇಕು ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಳ್ಳೆಯ ಹಾಡು ಬಂದರೆ ಅದೇ ಜನ ಹೇಗೆ ಕೂತು ಕೇಳುತ್ತಾರೆಂದು ನಾನು ಕಂಡಿದ್ದೇನೆ.

ಹಾಡಿಗೆ ಒನ್ಸ್ ಮೋರ್ ಕೊಡುವುದರಲ್ಲಿ ನನ್ನ ಗಂಡ ಬಲು ಜಿಪುಣ. ನಮ್ಮ ಜಾಗ ಮೂರನೇ ಸಾಲಿನ ತುದಿ. ಒಂದು ನಾಟಕಕ್ಕೆ ಒಂದೇ ಕೂಗು, ಅದೂ ಹಾಡು ಮನಸ್ಸಿಗೆ ಬಂದರೆ ಮಾತ್ರ. ಸತ್ತು ಬಿದ್ದ ನಾಯಕನನ್ನು ಎಬ್ಬಿಸಿ ಹಾಡಿಸುವ ಚಪಲ ಅವರಿಗಿರಲಿಲ್ಲ. ಶೆಡ್ಡಿನಲ್ಲಿ ಸುತ್ತಿಗೆಯ ಸದ್ದಿನ ಮೇಲೆ ಮಾತಾಡಿ ಬೆಳೆದ ದನಿ, ಅವರು "ಒನ್ಸ್ ಮೋರ್!" ಎಂದರೆ ಥಿಯೇಟರಿನ ತಗಡು ಗುಂಯ್ ಅನ್ನುತ್ತಿತ್ತು. ಕೂಗಿದವರ ಕಡೆ ಮುಖ ಮಾಡಿ ಮತ್ತೆ ಹಾಡುವುದು ಕಂಪನಿಯ ಪದ್ಧತಿ. ಹಾಗಾಗಿ ಬಹಳಷ್ಟು ನಟಿಯರು ನಮ್ಮ ಕಡೆ ತಿರುಗಿ ಹಾಡಿದ್ದಾರೆ, ನಾನು ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಕೂತಿದ್ದೇನೆ. ಕಂಪನಿಯ ಹಾರ್ಮೋನಿಯಂ ಮಾಸ್ತರರು ಹಾಡು ಮುಗಿದ ಕೂಡಲೇ ಕೈ ತೆಗೆಯದೆ ಮೂರನೇ ಸಾಲಿನ ಕಡೆ ನೋಡುತ್ತಿದ್ದರು. ಪರೀಕ್ಷೆಯ ಫಲಿತಾಂಶ ನೋಡುವ ಹುಡುಗರ ಮುಖ ಅದು.

ಮುಂಬೈಗೆ ಕರೆಸಿಕೊಂಡವಳು ನನ್ನ ಅಣ್ಣನ ಮಗಳು. ಅಲ್ಲಿ ಬ್ಯಾಂಕಿನಲ್ಲಿದ್ದಾಳೆ. ಅಮೆರಿಕದಲ್ಲಿ ವರ್ಷಗಟ್ಟಲೆ ಓಡಿದ ನಾಟಕವೊಂದು ದೇಶ ಸುತ್ತುತ್ತ ಮುಂಬೈಗೆ ಬಂದಿದೆ, "ಅತ್ತಿ, ಮಾಮಾನ್ನ ಕರ್ಕೊಂಡು ಬಾ, ನಿಮ್ಮ ಕಂಪನಿ ನಾಟಕ ಮರತುಬಿಡ್ತೀರಿ" ಎಂದು ಫೋನು ಮಾಡಿದಳು. ಮರೆಯುತ್ತೇವೋ ಇಲ್ಲವೋ ನೋಡಿಯೇ ಬಿಡೋಣ ಎಂದು ರೈಲು ಹತ್ತಿದೆವು.

ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಪರದೆ ಎದ್ದರೆ ಇಡೀ ಒಂದು ಬೀದಿ ವೇದಿಕೆಯ ಮೇಲಿತ್ತು, ಅದು ತಾನಾಗಿ ತಿರುಗಿ ಮನೆಯ ಒಳಗಾಯಿತು. ಕುಣಿಯುವವರ ಹೆಜ್ಜೆ ಒಂದೇ ಕಾಲಿನದೇನೋ ಎನ್ನುವ ಹಾಗೆ ಬೀಳುತ್ತಿತ್ತು. ನುಡಿಸುವವರು ವೇದಿಕೆಯ ಮುಂದಿನ ಹಳ್ಳದಲ್ಲಿ ಅಡಗಿ ಕೂತಿದ್ದರು. ಮೈಕು ನಟರ ಹಣೆಯ ಕೂದಲಲ್ಲಿ, ಹೆಸರುಕಾಳಿನಷ್ಟು. ನಮ್ಮ ಹಾಗೆ ಮೇಲಿನಿಂದ ತೂಗುಬಿಟ್ಟ ಮೈಕಿನ ಕೆಳಗೆ ಓಡೋಡಿ ಬಂದು ಮಾತಾಡುವ ಗೋಜೇ ಇಲ್ಲ. ಇಂಗ್ಲಿಷ್ ಅಲ್ಲಲ್ಲಿ ತಪ್ಪಿದರೂ ಕಥೆ ತಿಳಿಯಿತು: ಒಬ್ಬ ಹೆಂಗಸು ಬಾಳೆಲ್ಲ ನಡೆಸಿದ ಕುಣಿತದ ಶಾಲೆಯನ್ನು ಮುಚ್ಚಬೇಕಾಗಿದೆ. ಕೊನೆಯಲ್ಲಿ ಅವಳು ಮೆಟ್ಟಿಲ ಮೇಲೆ ನಿಂತು ಒಂದು ಹಾಡು ಹಾಡಿದಳು. ನನ್ನ ಕಣ್ಣಲ್ಲಿ ನೀರು ಬಂತು. ಇದಕ್ಕೆ ಕೂಗಲೇಬೇಕು ಎಂದು ಗಂಡನ ಕಡೆ ನೋಡಿದೆ. ಅವರು ಸುಮ್ಮನೆ ಕೂತಿದ್ದರು. ಮತ್ತೆ ನೋಡಿದೆ. ಕೂಗಲಿಲ್ಲ. ಇಂಥ ಹಾಡು ದಂಡವಾಗಿ ಹೋಗುತ್ತದಲ್ಲ ಎಂಬ ಸಿಟ್ಟಿಗೆ ನಾನೇ ಎದ್ದು ನಿಂತು "ಒನ್ಸ್ ಮೋರ್!" ಎಂದು ಕೂಗಿದೆ.

ಮುಂದಿನ ಸಾಲುಗಳೆಲ್ಲ ಹೊರಳಿ ನೋಡಿದವು. ಅಣ್ಣನ ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ವೇದಿಕೆಯ ಹೆಂಗಸು ನನ್ನ ಕಡೆ ಕಣ್ಣೂ ಹಾಯಿಸದೆ ಮುಂದಿನ ಮಾತಿಗೆ ಹೋದಳು. ಅವಳ ತಪ್ಪಲ್ಲ, ಆ ತಿರುಗುವ ಬೀದಿ ನಿಲ್ಲುವಂಥದ್ದಲ್ಲ. ನನಗೆ ನಾಚಿಕೆಯೂ ಆಗಲಿಲ್ಲ. ಆದರೆ ಕೂತ ಕೂಡಲೇ ಗಂಡ ನನ್ನ ಕಿವಿಯ ಹತ್ತಿರ ಬಾಗಿ, "ಯಾಕ ಎಲ್ಲಾರೂ ನಮ್ಮ ಕಡೆ ನೋಡಾಕತ್ತಾರ? ಏನಾತು?" ಅಂದರು.

ಪಕ್ಕದಲ್ಲೇ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದು ಅವರಿಗೆ ತಿಳಿದಿರಲಿಲ್ಲ. ಟಿವಿಯ ಸದ್ದು ಏರುತ್ತ ಹೋದದ್ದು, ಮಾತಿಗೆ ಮಾತು ಹೊಂದದ ಉತ್ತರ ಕೊಡುತ್ತಿದ್ದದ್ದು, ಕಳೆದ ಕ್ಯಾಂಪಿನಲ್ಲಿ ಒಂದೂ ಹಾಡಿಗೆ ಬಾಯಿ ತೆರೆಯದಿದ್ದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಹಾಡು ಸೇರಲಿಲ್ಲವೇನೋ ಎಂದು ನಾನು ತಿಳಿದುಕೊಂಡಿದ್ದೆ. ಉಳಿದ ನಾಟಕ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಬಳ್ಳಾರಿಯ ಡಾಕ್ಟರು ಪರೀಕ್ಷೆ ಮಾಡಿ, ವರ್ಷಗಟ್ಟಲೆ ತಗಡಿನ ಬಡಿತ ಕೇಳಿದ ಕಿವಿ, ಹೋದದ್ದು ಮರಳುವುದಿಲ್ಲ, ಕಿವಿಗೆ ಮಷೀನು ಹಾಕಿಕೊಂಡರೆ ಅನುಕೂಲ ಅಂದರು. ಮಷೀನು ಬಂತು. ಮನೆಯ ಮಾತಿಗೆ ಅದು ಸಾಕಾಗುತ್ತಿತ್ತು. ನಾಟಕಕ್ಕೆ ಮಾತ್ರ ಇವರು ಒಪ್ಪಲಿಲ್ಲ. ಲೌಡ್‌ಸ್ಪೀಕರಿನ ಸದ್ದು ಮಷೀನಿನೊಳಗೆ ಹೊಕ್ಕರೆ ಹಾಡೂ ಒಂದೇ, ಫ್ಯಾನೂ ಒಂದೇ ಎಂಬುದು ಅವರ ವಾದ.

"ಸುಮ್ನ ಬಂದು ಕುಂದ್ರಿ. ನನಗ ಜೊತಿ ಬೇಕು" ಅಂದೆ.

"ಬಂದು ಏನ್ ಮಾಡ್ಲಿ? ಮಾಸ್ತರ ನನ್ನ ಮುಖ ನೋಡ್ತಾನ. ಕಿವಿಗೆ ಬೀಳದ ಹಾಡಿಗೆ ಒನ್ಸ್ ಮೋರ್ ಅನ್ನೂದು ಸುಳ್ಳು ಸಾಕ್ಷಿ ಹೇಳಿದಂಗ. ಸುಮ್ನ ಕುಂತ್ರ, ಹಾಡಿದಾಕಿಗೆ ಅವಮಾನ. ಎರಡೂ ಬ್ಯಾಡ. ನೀ ಹೋಗಿ ಬಾ."

ಒಬ್ಬಳೇ ಹೋದೆ. ನಾಟಕ ಚೆನ್ನಾಗಿಯೇ ಇತ್ತು; ಮಧ್ಯದಲ್ಲಿ ಎದ್ದು ಬಂದೆ. ಪಕ್ಕದ ಕುರ್ಚಿಯಲ್ಲಿ ಯಾರದೋ ಚೀಲ ಇತ್ತು. ಅವರಿಲ್ಲದೆ ನಾಟಕ ನೋಡುವುದು ನನ್ನಿಂದಾಗದು ಎಂದು ಮನೆಗೆ ಬಂದು ನೇರವಾಗಿ ಹೇಳಿದೆ. ಅವರು ಟಿವಿ ನೋಡುತ್ತಲೇ ಇದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ, ಮತ್ತೊಮ್ಮೆ ಜೋರಾಗಿ ಹೇಳಿದೆ.

ಬೇಸಿಗೆ ರಜೆಯಲ್ಲಿ ಕಂಪ್ಲಿಯಲ್ಲಿ ಒಂದು ಕಂಪನಿ ಕ್ಯಾಂಪು ಹಾಕಿತು. ನಮಗೆ ಗೊತ್ತಿದ್ದ ಕಂಪನಿ, ಅದೇ ಹಾರ್ಮೋನಿಯಂ ಮಾಸ್ತರರು, ಈಗ ತಾಯಿಯ ಪಾತ್ರಕ್ಕೆ ಬಂದಿರುವ ಅದೇ ಹಾಡುವ ನಟಿ. ನಾನು ಎರಡು ಟಿಕೆಟ್ ತಂದು ಅವರ ಅಂಗಿಯ ಜೇಬಿಗೆ ಇಟ್ಟೆ. ತವರಿಗೆ ಹೋಗುವುದಿದೆ, ಸ್ಕೂಟರ್ ತೆಗೆಯಿರಿ ಅಂದೆ. ಅವರು ಜೇಬು ಮುಟ್ಟಿ ನೋಡಿಕೊಂಡು ಸ್ಕೂಟರ್ ತೆಗೆದರು. ಸಂಜೆಯ ಮೊದಲ ಆಟ. ಮುಂದಿನ ಸೋಫಾದ ಟಿಕೆಟ್ ಕೊಂಡಿದ್ದರೂ ಅವರು ಹೋಗಿ ಕೂತದ್ದು ಮೂರನೇ ಸಾಲಿನಲ್ಲೇ.

ತಾಯಿ ಮಗನನ್ನು ಮನೆಯಿಂದ ಕಳಿಸುತ್ತ ಹಾಡುವ ದೃಶ್ಯ ಬಂತು. ಆಕೆ ಕಣ್ಣು ಮುಚ್ಚಿ ಹಾಡಿದಳು. ದನಿ ಮೊದಲಿನಷ್ಟು ತೆಳುವಾಗಿರಲಿಲ್ಲ, ಆದರೆ ಹಾಡಿನೊಳಗೆ ಜೀವವಿತ್ತು. ಮುಗಿಯಿತು. ಮಾಸ್ತರರು ಹಾರ್ಮೋನಿಯಂ ಮೇಲಿನ ಕೈ ತೆಗೆಯದೆ ನಮ್ಮ ಕಡೆ ನೋಡಿದರು. ಗಂಡ ತಲೆ ತಗ್ಗಿಸಿದರು.

"ಹೆಂಗ ಹಾಡಿದ್ಲು?" ಅಂದರು.

"ನಾ ಹೇಳಂಗಿಲ್ಲ" ಅಂದೆ. ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ: "ನಮ್ಮ ಸಾಲ್ಯಾಗ ಹುಡುಗರು ಪಾಠ ತಿಳೀಲಿಲ್ಲಂದ್ರ, ಇನ್ನೊಮ್ಮೆ ಹೇಳ್ರಿ ಟೀಚರ್ ಅಂತ ಕೈ ಎತ್ತತಾರ. ಅದರಾಗ ಸುಳ್ಳೇನೈತಿ? ಮುಂಬೈಯಾಕಿ ನಿಲ್ತಿರಲಿಲ್ಲ. ಈಕಿ ನಿಲ್ತಾಳ."

ಅವರು ನನ್ನ ಮುಖವನ್ನು ನೋಡಿದರು. ಅಷ್ಟರಲ್ಲಿ ಮಗನ ಪಾತ್ರದವನು ಮುಂದಿನ ಮಾತಿಗೆ ಬಾಯಿ ತೆರೆದಿದ್ದ. ಗಂಡ ಎದ್ದು ನಿಂತು "ಒನ್ಸ್ ಮೋರ್!" ಎಂದರು. ತಗಡು ಮೊದಲಿನಂತೆಯೇ ನಡುಗಿತು. ಜನ ಚಪ್ಪಾಳೆ ಹೊಡೆದರು. ಹಿಂದಿನಿಂದ ಯಾರೋ ಪಡ್ಡೆ ಹುಡುಗ, "ಹಾಡಿದ್ದೇ ಹಾಡೋ ಕಿಸುಬಾಯಿ ದಾಸ!" ಎಂದು ನಗಿಸಿದ. ಇವರು ಕೂರಲಿಲ್ಲ. ನಗು ಇಳಿಯುವವರೆಗೆ ನಿಂತೇ ಇದ್ದು ಹೇಳಿದರು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನನಗ ಕಿವಿ ಮಂದ ಆಗ್ಯಾವ. ಮೈಕ್ ಬಿಟ್ಟು ಸ್ವಲ್ಪ ಮುಂದ ಬಂದು ಹಾಡ್ರಿ."

ಈ ಮಾತನ್ನು ಅವರು ಶೆಡ್ಡಿನ ಕೆಲಸಗಾರರಿಗೂ ಹೇಳಿರಲಿಲ್ಲ. ಮಷೀನು ಕಾಣದಿರಲೆಂದು ಅವತ್ತು ಸೆಕೆಯಲ್ಲೂ ತಲೆಗೆ ಟವೆಲು ಸುತ್ತಿಕೊಂಡು ಬಂದಿದ್ದರು. ಆ ನಟಿ ಮೈಕುಗಳನ್ನು ದಾಟಿ ವೇದಿಕೆಯ ಅಂಚಿಗೆ ಬಂದು ಮಂಡಿಯೂರಿ ಕೂತಳು. ಮಾಸ್ತರರು ಹಾರ್ಮೋನಿಯಂ ಸದ್ದು ತಗ್ಗಿಸಿದರು. ಆಕೆ ಅವರೊಬ್ಬರ ಕಡೆ ನೋಡುತ್ತ, ಬರಿಗಂಟಲಲ್ಲಿ ಇಡೀ ಹಾಡನ್ನು ಮತ್ತೆ ಹಾಡಿದಳು.

ಇವರು ಟವೆಲು ತೆಗೆದು ಹೆಗಲ ಮೇಲೆ ಹಾಕಿಕೊಂಡು, ಕಿವಿಯ ಹಿಂದೆ ಅಂಗೈ ಇಟ್ಟು ಕೇಳಿದರು. ನಾನು ವೇದಿಕೆಯನ್ನು ನೋಡಲಿಲ್ಲ, ಇವರನ್ನೇ ನೋಡಿದೆ. ಮುಖದಲ್ಲಿ ಏನೂ ಕಾಣಲಿಲ್ಲ. ಹಾಡು ಮುಗಿಯಿತು, ಚಪ್ಪಾಳೆಯೂ ಮುಗಿಯಿತು, ಇವರು ಆಕೆಗೆ ಕೈ ಮುಗಿದು ಕೂತರು. ಕೇಳಿಸಿತೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ದೃಶ್ಯ ಶುರುವಾದ ಮೇಲೆ ಅವರೇ ನನ್ನ ಕಡೆ ಬಾಗಿದರು.

"ಎರಡನೇ ನುಡಿಯಾಗ ಶ್ರುತಿ ಬಿಟ್ಲು, ಹೌದಿಲ್ಲೋ?"

ಬಿಟ್ಟಿದ್ದಳು. ಕೂದಲೆಳೆಯಷ್ಟು, ಮೇಲಿನ ಸ್ವರಕ್ಕೆ ಹೋಗುವಾಗ. ನಾನು ಅಳುತ್ತಲೇ ಅವರ ಕೈ ಹಿಡಿದುಕೊಂಡು "ಹೌದ್ರಿ, ಬಿಟ್ಲು, ಬಿಟ್ಲು" ಅಂದೆ.