ನಿಲ್ಲಿಸದೆ ಹಿಗ್ಗಿಸಿದ ಜಾಗ

ತುಂಬಿದ ಕಪಾಟನ್ನು ಮಂಡಿಯಿಂದ ಒತ್ತಿ ಮುಚ್ಚುವ ನನ್ನಂಥವನ ಕೈಗೆ ಕಂಪ್ಯೂಟರುಗಳ ಉಸ್ತುವಾರಿ ಒಪ್ಪಿಸಿರುವುದು ಹೂಟಗಳ್ಳಿಯ ನಮ್ಮ ಕಾರ್ಖಾನೆಯ ಔದಾರ್ಯವೆಂದೇ ಹೇಳಬೇಕು. ಕಳೆದ ವಾರ ಉಗ್ರಾಣದ ದಾಖಲೆಗಳನ್ನು ಹೊತ್ತ ವರ್ಚುವಲ್ ಯಂತ್ರದ, ಅಂದರೆ ದೊಡ್ಡ ಕಂಪ್ಯೂಟರೊಂದರ ಹೊಟ್ಟೆಯೊಳಗೆ ಸ್ವಂತ ಶರೀರವಿಲ್ಲದೆ ಬದುಕುವ ಇನ್ನೊಂದು ಕಂಪ್ಯೂಟರಿನ, ಡಿಸ್ಕು ಭರ್ತಿಯಾಯಿತು. "ಜಾಗ ಜಾಸ್ತಿ ಮಾಡಿ ಒಂದ್ಸಲ ರೀಸ್ಟಾರ್ಟ್ ಮಾಡ್ಬುಡಿ," ಎಂದರು ಮ್ಯಾನೇಜರ್ ಸವಿತಾ. ಸಾಧುವಾದ ಸಲಹೆಯೇ. ನನಗೆ ಮಾತ್ರ ಬೇಡವಾಗಿತ್ತು.

ಕಾರಣವನ್ನು ಅವರಿಗೆ ಹೇಳಲು ಸಂಕೋಚ, ನಿಮಗೆ ಹೇಳಬಹುದು. ಒಳಗೆ ಯಾರಿದ್ದಾರೆಂದು ಕೇಳಿದರೆ ಆ ಯಂತ್ರ ಎರಡು ಹೆಸರು ತೋರಿಸುತ್ತದೆ: ನನ್ನದು, ಮಹದೇವಸ್ವಾಮಿಯವರದು. ವರ್ಷಗಟ್ಟಲೆ ಪಕ್ಕದ ಕುರ್ಚಿಯಲ್ಲಿ ಕೂತು ನನಗೆ ಈ ವಿದ್ಯೆ ಕಲಿಸಿದವರು ಹೋದ ವರ್ಷ ಒಂದು ಸಂಜೆ ಲಾಗೌಟ್ ಆಗಲು ಮರೆತು ಸಿದ್ಧಾರ್ಥನಗರದ ಮನೆಗೆ ಹೋದರು, ಬೆಳಗಾಗುವಷ್ಟರಲ್ಲಿ ತೀರಿಕೊಂಡಿದ್ದರು. ರೀಸ್ಟಾರ್ಟ್ ಮಾಡಿದರೆ ಆ ಹೆಸರು ಅಳಿಯುತ್ತದೆ. ಅಳಿಸುವುದು ನನ್ನ ಕರ್ತವ್ಯವೂ ಹೌದು, ಅದನ್ನು ನಾನು ಮಾಡಿಲ್ಲ.

ಆಯುಧಪೂಜೆಯಂದು ಲೇತು, ಡ್ರಿಲ್ಲುಗಳೆಲ್ಲ ನಿಂತು ಕುಂಕುಮ ಇಡಿಸಿಕೊಳ್ಳುವಾಗ ಅವರು ಸರ್ವರ್ ಕಂಪ್ಯೂಟರಿಗೆ ಮಾತ್ರ ಓಡುತ್ತಿರುವಂತೆಯೇ ಮಂಗಳಾರತಿ ಎತ್ತುತ್ತಿದ್ದರು. ರೀಸ್ಟಾರ್ಟ್ ಎನ್ನುವುದು ಸೋಮಾರಿಗಳ ಕಷಾಯವೆಂಬುದು ಅವರ ಸಿದ್ಧಾಂತ.

ಹೊರಗಿನಿಂದ ಡಿಸ್ಕನ್ನು ಹಿಗ್ಗಿಸಿದೆ. ಅದನ್ನು ಮತ್ತೊಮ್ಮೆ ನೋಡೆಂದು ಒಳಗಿನ ಯಂತ್ರಕ್ಕೆ ಹೇಳಿ, ಡಿಸ್ಕಿನ ವಿಭಾಗವನ್ನೂ ಬೆಳೆಸಿದೆ. ಆದರೂ ಪರದೆಯ ಮೇಲೆ ಭರ್ತಿ ಎಂದೇ ಇತ್ತು! ಕೈ ರೀಸ್ಟಾರ್ಟಿನತ್ತ ಸರಿಯುತ್ತಿರುವಾಗ, ಇದೇ ತಪ್ಪಿಗೆ ಹಿಂದೊಮ್ಮೆ ಮಹದೇವಸ್ವಾಮಿಯವರಿಂದ ತಿಂದಿದ್ದ ಬೈಗುಳ ನೆನಪಾಯಿತು: "ಪಕ್ಕದ ಸೈಟು ತಗೊಂಡ್ಬುಟ್ಟೆ, ನಡುವಿನ ಕಾಂಪೌಂಡ್ ಒಡೆಯೋರು ಯಾರಯ್ಯ?" ಹೊಸ ಜಾಗಕ್ಕೂ ಹರಡಿಕೊಳ್ಳೆಂದು, ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮಿಗೆ ಹೇಳುವ ಕೊನೆಯ ಆಜ್ಞೆಯನ್ನೇ ಮರೆತಿದ್ದೆ. ಕೊಟ್ಟೆ, ಜಾಗವಾಯಿತು. ಹೇಳಿಕೊಳ್ಳೋಣವೆಂದು ಪಕ್ಕಕ್ಕೆ ತಿರುಗಿದೆ. ಅವರು ಬೇಕೆನಿಸಿತು, ತುಂಬಾ ಬೇಕೆನಿಸಿತು.

ಒಳಗೆ ಯಾರಿದ್ದಾರೆಂದು ಯಂತ್ರವನ್ನು ಮತ್ತೆ ಕೇಳಿದೆ. ಹಿಂದೆ ಬಂದು ನಿಂತಿದ್ದ ಸವಿತಾ ಪರದೆಯ ಮೇಲೆ ಮೂಡಿದ ಅವರ ಹೆಸರನ್ನು ಓದಿದರು. ಬೈಯುತ್ತಾರೆಂದುಕೊಂಡೆ. "ಮುಂದಿನ ವಾರ ಶುಕ್ರವಾರ ಸೆಕ್ಯುರಿಟಿ ತಪಾಸಣೆ ಇದೆ ಕಣ್ರೀ. ಅಷ್ಟರೊಳಗೆ ನೀವೇ ಅವರನ್ನ ಕಳಿಸ್ಕೊಡಿ," ಎಂದರು.

ಇಂದು ಗುರುವಾರ. ಡಿಸ್ಕಿನಲ್ಲಿ ಧಾರಾಳವಾಗಿ ಜಾಗವಿದೆ. ಬೆಳಿಗ್ಗೆಯಿಂದ ಮೂರು ಸಲ ಅವರನ್ನು ಲಾಗೌಟ್ ಮಾಡಿಸುವ ಆಜ್ಞೆಯನ್ನು ಟೈಪು ಮಾಡಿ, ಎಂಟರ್ ಒತ್ತಲಾರದೆ ಒಂದೊಂದೇ ಅಕ್ಷರವಾಗಿ ಅಳಿಸಿದ್ದೇನೆ.