ಎಡೆಯ ಮೇಲಿನ ಬೂಷ್ಟು

ಪಾಂಡವಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಜಯಲಕ್ಷ್ಮಮ್ಮ ಶಿಲೀಂಧ್ರಗಳ ಪಾಠ ಬಂದಾಗಲೆಲ್ಲ ದನಿ ತಗ್ಗಿಸುತ್ತಿದ್ದಳು. ಗಿಡವಲ್ಲ, ಪ್ರಾಣಿಯಲ್ಲ; ಬಾಯಿಲ್ಲದೆಯೇ ಉಣ್ಣುವ ಜೀವ. ರಸ ಹೊರಗೆ ಬಿಟ್ಟು, ಅನ್ನವನ್ನು ಇದ್ದಲ್ಲೇ ಕರಗಿಸಿ ಹೀರಿಕೊಳ್ಳುತ್ತದೆ.

ತೊಂಬತ್ತೈದರ ಮಹಾಲಯ ಅಮಾವಾಸ್ಯೆ. ಗಂಡ ನಾಗರಾಜು ತೀರಿಕೊಂಡ ಮೇಲಿನ ಮೊದಲ ಎಡೆಯನ್ನು ಚಿನಕುರಳಿಯ ಮನೆಯಲ್ಲಿ ಅತ್ತೆ ಮಾಯಮ್ಮ ತಾವೇ ಇಟ್ಟರು. ಮಗನ ಅಂಗಿ, ಪಂಚೆಯ ಮುಂದೆ ಬಾಳೆಲೆ. ಅದರ ಮೇಲೆ ಮುದ್ದೆ, ಕಿತ್ತಳೆ, ಅವನಿಗೆ ಇಷ್ಟವಾದ ಬೇಕರಿ ಬನ್ನು. ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂತರು. ಹಲ್ಲಿ ಲೊಚಗುಟ್ಟಿದರೆ ಸತ್ತವರು ಉಂಡರೆಂದು ಆ ಮನೆಯ ನಂಬಿಕೆ. ಆಮೇಲೆ ಬಾಗಿಲು ತೆಗೆದು ಆ ಎಡೆಯನ್ನೇ ಮನೆಯವರು ಉಣ್ಣಬೇಕು.

ಹಲ್ಲಿ ನುಡಿಯಲಿಲ್ಲ. ಮಾಯಮ್ಮ ಬಾಗಿಲು ತೆಗೆಯಲು ಬಿಡಲಿಲ್ಲ; ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

"ಅವ್ನು ಉಣ್ದೆ ನಾನ್ ಉಂಡೇನಾ? ಸುಮ್ಕಿರವ್ವ."

ನಾಲ್ಕನೆಯ ದಿನ ಮಧ್ಯಾಹ್ನ ಹಲ್ಲಿ ಲೊಚಗುಟ್ಟಿತು. ಮಾಯಮ್ಮ ಗೋಡೆ ಹಿಡಿದು ಎದ್ದು ಬಾಗಿಲು ತೆಗೆದರು.

ಎಲೆಯ ಮೇಲೆ ಅಡುಗೆಯೇ ಕಾಣಲಿಲ್ಲ. ಬನ್ನಿನ ತುಂಬ ಬೂದು ಕೂದಲು, ಕೂದಲಿನ ತುದಿಗೆಲ್ಲ ಗುಂಡುಸೂಜಿಯಂಥ ಕಪ್ಪು ತಲೆ: ಎರಡು ಎಳೆ ಕೂಡಿ ಒಂದು ಬೀಜಕವಾಗುವ ಶಿಲೀಂಧ್ರಗಳ ಗುಂಪು. ಕಿತ್ತಳೆಯ ಮೇಲಿನ ಹಸಿರು ಹಿಟ್ಟು, ಚೀಲದೊಳಗೆ ಬೀಜಕ ಹೊರುವ ಗುಂಪಿನದು. ಕೊಡೆ ಬಿಚ್ಚುವ ಅಣಬೆಗಳ ಗುಂಪು ಇಲ್ಲಿರಲಿಲ್ಲ. ಹೆದರಿಕೆಯಾದಾಗ ಜಯಲಕ್ಷ್ಮಮ್ಮ ಹೀಗೆ ಹೆಸರುಗಳನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಮುದ್ದೆಯ ಮೇಲಿನ ಬಿಳಿಯದಕ್ಕೆ ಮಾತ್ರ ಬೀಜಕವೇ ಇಲ್ಲ. ಕೂಡುವುದನ್ನು ಯಾರೂ ಕಂಡಿಲ್ಲದವನ್ನೆಲ್ಲ ಪುಸ್ತಕದವರು ಅಪೂರ್ಣರೆಂಬ ಗುಂಪಿಗೆ ತಳ್ಳುತ್ತಾರೆ. ಅವಳೂ ತಳ್ಳಿದಳು.

"ನೋಡವ್ವ, ಎಲ್ಲಾನೂ ಮುಟ್ಟವ್ನೆ!" ಎನ್ನುತ್ತ ಮಾಯಮ್ಮ ಎಲೆಯ ಮುಂದೆ ಕೂತು ಮುದ್ದೆ ಮುರಿದರು.

"ಬ್ಯಾಡಿ ಅತ್ತೆ! ಬೂಷ್ಟು ಅದು. ಇಸ ಆಗಿರ್ತದೆ."

"ನಿನ್ ಪಾಠನ ಕಾಲೇಜಲ್ಲಿ ಮಡಿಕೊ. ನನ್ ಮಗನ್ ಎಡೆ ನಂಗೆ ಇಸ್ವಾ?"

ತುತ್ತು ಬಾಯಿಯ ಹತ್ತಿರ ಬಂದಿತ್ತು. ಹಸಿದು ಸೊರಗಿದ ಆ ಜೀವ ಆ ವಿಷವನ್ನು ತಾಳುವಂತಿರಲಿಲ್ಲ. ಜಯಲಕ್ಷ್ಮಮ್ಮ ಅತ್ತೆಯ ಕೈ ಹಿಡಿದು ಪಿಸುಗುಟ್ಟಿದಳು:

"ಇನ್ನೂ ಉಣ್ತಾವ್ರೆ ಅತ್ತೆ. ಎಲೆ ಮುಂದಿಂದ ಎಬ್ಬಿಸ್ಬ್ಯಾಡಿ."

ಮಾಯಮ್ಮ ಎಲೆಯ ಮೇಲೆ ಬಗ್ಗಿ ನೋಡಿದರು. ತುತ್ತನ್ನು ಮೆಲ್ಲಗೆ ಇದ್ದಲ್ಲಿಗೇ ಇಟ್ಟರು.

"ಉಣ್ಲಿ ಬುಡು. ಚಿಕ್ಕೋನಿದ್ದಾಗ್ಲೂ ಅಂಗೇಯ, ಉಣ್ಣಕ್ಕೆ ಕುಂತ್ರೆ ಏಳ್ತಾನೇ ಇರ್ಲಿಲ್ಲ."

ಅಡುಗೆಮನೆಗೆ ಹೋಗಿ ಕೈ ತೊಳೆದು, ಸೊಸೆ ಕೊಟ್ಟ ಗಂಜಿಯನ್ನು ಲೋಟ ಬರಿದಾಗುವವರೆಗೂ ಕುಡಿದರು.

ಬಾಗಿಲು ಮುಚ್ಚಲು ಬಂದ ಜಯಲಕ್ಷ್ಮಮ್ಮನಿಗೆ ಅದು ಕಂಡದ್ದು ಆಗಲೇ. ಬಿಳಿ ಎಳೆಗಳು ಎಲೆಯ ಅಂಚು ದಾಟಿ ಅಂಗಿಯ ತೋಳಿನೊಳಗೆ ಹೊಕ್ಕಿದ್ದವು. ತೋಳು ತುಂಬಿಕೊಂಡಿತ್ತು. ಊಟಕ್ಕೆ ಕೂತವರಿಗೆ ತೊಂದರೆಯಾಗದ ಹಾಗೆ, ಅವಳು ಸದ್ದಿಲ್ಲದೆ ಬಾಗಿಲು ಎಳೆದುಕೊಂಡಳು.