ಗೌರಿಹಬ್ಬಕ್ಕೆ ಹೊಲಿದ ಚೀಲ

ಮೊನ್ನೆ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಚೀಲ ಸಿಕ್ಕಿತು. ಹಸಿರು ಅಂಚಿನ, ಒಂದು ಬಾಟಲಿ ಮಾತ್ರ ಹಿಡಿಸುವಷ್ಟು ಅಗಲದ ಚೀಲ. ಹೆಗಲಿಗೆ ಹಾಕಿಕೊಳ್ಳಲು ಗಿಡ್ಡನೆಯ ಪಟ್ಟಿ. ಮೂಗಿಗೆ ಹಿಡಿದೆ. ನುಸಿಗುಳಿಗೆಯ ವಾಸನೆ, ಅಷ್ಟೆ... ಆದರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ರಾಜಾಜಿನಗರದ ಬಾಡಿಗೆ ಮನೆಗೆ ಬಂದಾಗ ನನಗೆ ಸಾರಿಗೆ ಒಗ್ಗರಣೆ ಹಾಕಲೂ ಬರುತ್ತಿರಲಿಲ್ಲ. ಕಲಿಸಿದವರು ಪಕ್ಕದ ಮನೆಯ ಅಕ್ಕ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಕ್ಕಳಿರಲಿಲ್ಲ. ನಾನು ಸೀಯಿಸಿದ್ದನ್ನೆಲ್ಲ ತಾವೇ ತಿಂದು ಮುಗಿಸಿ, "ಚೆನ್ನಾಗೇ ಇದೆ ಕಣೇ, ಇದ್ದಿಲು ಸ್ವಲ್ಪ ಜಾಸ್ತಿ ಆಗಿದೆ" ಎನ್ನುತ್ತಿದ್ದರು.

ಒಂದು ಆಷಾಢದಲ್ಲಿ ಅವರ ಕಣ್ಣು, ಮೈ ಎಲ್ಲ ಹಳದಿಯಾಯಿತು. "ಅರಿಶಿನ ಹಚ್ಚದೇನೇ ಹೆಂಗಾಗಿದೀನಿ ನೋಡೇ" ಎಂದು ನಕ್ಕರು. ಪಿತ್ತನಾಳದಲ್ಲಿ ಕಲ್ಲು. ಆಪರೇಷನ್ ಆಯಿತು. ಹೊಟ್ಟೆಯಿಂದ ಹೊರಬಂದ ರಬ್ಬರ್ ನಳಿಕೆ, ಅದರ ತುದಿಗೆ ಪಿತ್ತ ಇಳಿಯಲು ಗಾಜಿನ ಬಾಟಲಿ. ಕೆಲವು ವಾರ ಹಾಗೇ ಇರಬೇಕಂತೆ. ಮನೆಗೆ ಕಳಿಸುವ ದಿನ ಅವರ ಯಜಮಾನರು ಔಷಧಿ ತರಲು ಹೋಗಿದ್ದರು. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವರು ನಾವಿಬ್ಬರೇ. "ಬಾಟ್ಲಿ ಯಾವಾಗ್ಲೂ ಸೊಂಟದ ಕೆಳಗೇ ಇರ್ಬೇಕು. ಮೇಲೆ ಎತ್ತಿದ್ರೆ ಅದರಲ್ಲಿರೋದು ವಾಪಸ್ ಒಳಗೆ ಹೋಗಿ ನಂಜಾಗುತ್ತೆ. ಚಳಿಜ್ವರ ಬಂದ್ರೆ ಒಂದು ಗಂಟೇನೂ ಕಾಯ್ಬೇಡಿ."

ಅಷ್ಟರಲ್ಲಿ ಗೌರಿಹಬ್ಬ ಬಂತು. ಬೀದಿಯ ಹೆಂಗಸರೆಲ್ಲ ಮೊರದ ಬಾಗಿನ ತೆಗೆದುಕೊಳ್ಳಲು ಅವರ ಮನೆಗೆ ಬರುವುದು ರೂಢಿ. "ಈ ಹಳದಿ ನೀರು ನೇತಾಡಿಸ್ಕೊಂಡು ಹೇಗೆ ಬಾಗಿನ ಕೊಡ್ಲೇ?" ಎಂದು ಅಕ್ಕ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡ ಬುದ್ಧಿವಂತೆ ನಾನು, ನನ್ನ ಹಳೆಯ ಸೀರೆ ಕತ್ತರಿಸಿ ಈ ಚೀಲ ಹೊಲಿದೆ. ಸೆರಗಿನಿಂದ ಇಣುಕಬಾರದೆಂದು ಪಟ್ಟಿಯನ್ನು ಗಿಡ್ಡ ಮಾಡಿದೆ. ಬಾಟಲಿ ಕಂಕುಳ ಹತ್ತಿರ ಕೂತಿತು. "ಎರಡು ಗಂಟೆ ತಾನೆ ಅಕ್ಕಾ" ಎಂದೆ.

ಸಂಜೆಯವರೆಗೂ ಹೆಂಗಸರು ಬರುತ್ತಲೇ ಇದ್ದರು. ಅಕ್ಕ ನಗುನಗುತ್ತ ಓಡಾಡಿದರು. ದೀಪ ಹಚ್ಚುವ ಹೊತ್ತಿಗೆ ಹಲ್ಲು ಕಟಕಟಿಸುವಂಥ ನಡುಕ ಶುರುವಾಯಿತು. ಡಾಕ್ಟರ ಮಾತು ನನಗೆ ನೆನಪಿತ್ತು. ಆದರೆ ಆಸ್ಪತ್ರೆಗೆ ಹೋದರೆ ಚೀಲದ ವಿಷಯ ಬರುತ್ತದಲ್ಲ... ಹಬ್ಬದ ದಣಿವು ಎಂದು ಅವರ ಯಜಮಾನರಿಗೆ ನಾನೇ ಹೇಳಿದೆ. ಮೆಣಸಿನ ಕಷಾಯ ಕುಡಿಸಿ, ಕಂಬಳಿ ಹೊದಿಸಿ ಬಂದೆ.

ಬೆಳಿಗ್ಗೆ ಆಟೋದಲ್ಲಿ ಕರೆದೊಯ್ಯುವಾಗ ಅರ್ಧ ಮಂಪರು. ನಂಜು ರಕ್ತಕ್ಕೆ ಸೇರಿತ್ತು. "ಬಾಟ್ಲಿ ಮೇಲೆ ಎತ್ತಿದ್ರಾ?" ಎಂದು ಡಾಕ್ಟರು ಕೇಳಿದರು. ಅಕ್ಕ ಕಷ್ಟಪಟ್ಟು ಕಣ್ಣು ಬಿಟ್ಟು, ನನ್ನನ್ನೇ ನೋಡುತ್ತ, "ಇಲ್ಲ ಸಾರ್, ಕೆಳಗೇ ಇತ್ತು" ಎಂದರು. ಮೂರನೆಯ ದಿನ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ ಅವರ ಯಜಮಾನರು ಚೀಲವನ್ನು ಒಗೆದು, ಇಸ್ತ್ರಿ ಮಾಡಿ ತಂದುಕೊಟ್ಟರು. "ನೀವು ಇದನ್ನ ಹೊಲ್ದು ಕೊಟ್ರಲ್ಲ, ಅವತ್ತು ಎಷ್ಟು ಖುಷಿಯಾಗಿದ್ಲಮ್ಮ ಅವಳು" ಎಂದು ಕೈಮುಗಿದರು. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಈಗ ಅವರೂ ಇಲ್ಲ.

ಚೀಲವನ್ನು ಹೆಗಲಿಗೆ ಹಾಕಿ ನೋಡಿಕೊಂಡೆ. ಪಟ್ಟಿ ಇನ್ನೊಂದು ಮೊಳ ಉದ್ದವಿದ್ದಿದ್ದರೆ ಸಾಕಿತ್ತು. ಬಟ್ಟೆ ಬೇಕಾದಷ್ಟು ಉಳಿದಿತ್ತು.